ಮಾಳಿಗೆಯ ಭಾರ, ನೆಲದ ನೆನಪು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಹಳೆಯ ಮಾಳಿಗೆ ಮನೆ ಹೊಕ್ಕರೆ ಮೊದಲು ತೊಲೆ ನೋಡುವುದು, ಆಮೇಲೆ ನೆಲ ನೋಡುವುದು ನನಗೀಗ ರೂಢಿ. ಪಿಎಚ್.ಡಿ.ಗಾಗಿ ಶಾಸನ, ಗ್ಯಾಸೆಟಿಯರ್ ಓದುವ ನನಗೆ ಈ ಮನೆಗಳೂ ದಾಖಲೆಗಳೇ.

ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಅದರ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು. ನೀರಿಳಿಯದಂತೆ ಚೌಳು ಮಣ್ಣಿನ ಹೊದಿಕೆ. ಬಿಸಿಲ ನಾಡಿಗೆ ಈ ಮಣ್ಣೇ ತಂಪು. ಆದರೆ ಅದರ ತೂಕ? ಒಂದು ಘನ ಮೀಟರ್ ಗಟ್ಟಿಸಿದ ಮಣ್ಣು ಸುಮಾರು 1,700 ಕಿಲೋ ತೂಗುತ್ತದೆ. 10 ಅಡಿ ಅಗಲ, 13 ಅಡಿ ಉದ್ದದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ತೊಲೆಗಳು ಹೊರುವುದು 6 ಟನ್ನಿಗೂ ಹೆಚ್ಚು. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹಾಕುತ್ತ ಹೋದರೆ, ಪ್ರತಿ 3 ಇಂಚಿಗೆ ಇನ್ನೂ ಒಂದೂವರೆ ಟನ್. ಮರ ಒಮ್ಮೆಗೇ ಮುರಿಯುವುದಿಲ್ಲ. ಸದಾ ಹೊತ್ತ ಭಾರಕ್ಕೆ ವರ್ಷಗಟ್ಟಲೆ ಮೆಲ್ಲಗೆ ಬಾಗುತ್ತದೆ.

ಇನ್ನರ್ಧ ಕಥೆ ಕೆಳಗಿನದು. ಕುರುಗೋಡಿಗೆ ಕಲ್ಲುಗುಡ್ಡದ ಆಸರೆಯಿದೆ. ಸಿರುಗುಪ್ಪದ ಎರೆಭೂಮಿ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇಲಿನ ಗೋಡೆಯೂ ಅದರೊಂದಿಗೆ ಅಲುಗುತ್ತದೆ. ಅದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ದುಂಡನೆಯ ಗುಡಿಸಲುಗಳ ಕುರುಹು ಸಿಕ್ಕಿತು. ಆ ಜನ ಮನೆ ಹೂಡಿದ್ದು ಎರೆಯಲ್ಲಲ್ಲ, ಗುಡ್ಡದ ಮೇಲೆ.

ಇತಿಹಾಸದ ಪುಸ್ತಕಗಳಿಗೆ 1953 ಎಂದರೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಇಲ್ಲಿನ ನೆಲಕ್ಕೆ ಅದು ತುಂಗಭದ್ರಾ ಕಾಲುವೆಗಳ ಕಾಲದ ಆರಂಭ. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಜೋಳ ತುಂಬಿಡುವ ಹಗೇವಿಗೆ ಒಣ ನೆಲ ಬೇಕು. ತೇವ ಏರಿದಲ್ಲಿ ಅದು ಕೆಲಸಕ್ಕೆ ಬಾರದು. ಸರಿಯಾಗಿ ಗಟ್ಟಿಸದೆ ಮುಚ್ಚಿದ ಹಗೇವಿನ ಮೇಲೆ ಹಾಸಿದ ಬಂಡೆ ಎಷ್ಟೋ ವರ್ಷಗಳ ನಂತರವೂ ಕುಸಿಯಬಹುದು. ಪಡಸಾಲೆಯ ಒಂದು ತಗ್ಗಿನಡಿ ಒಂದು ಬೆಳೆಯ ಚರಿತ್ರೆಯೇ ಇದ್ದೀತು.

ಹಳೆಯದೆಲ್ಲ ಹಾಗೇ ಉಳಿಯಲಿ ಎಂದು ನಾನು ಹೇಳಲಾರೆ. ಮಳೆಯ ರಾತ್ರಿ ಆ ತೊಲೆಯಡಿ ಮಲಗುವುದು ಮನೆಯವರು, ಸಂಶೋಧಕರಲ್ಲ. ಆದರೆ ಬಾಗಿದ ಮಾಳಿಗೆಗೆ ಸಿಮೆಂಟು ಹಾಕಿದರೆ ಭಾರ ಇಳಿಯದು, ಏರುತ್ತದೆ. ಮೊದಲು ತೊಲೆಗೆ ಆಸರೆಗಂಬ ಕೊಟ್ಟು, ಹೆಚ್ಚಿನ ಮಣ್ಣು ಇಳಿಸಬೇಕು. ಗೋಡೆಯೊಳಗೆ ಹೂತ ತೊಲೆಯ ತುದಿಗೆ ಗೆದ್ದಲು ಹತ್ತಿದೆಯೇ ನೋಡಬೇಕು. ಕೆಡವಲೇಬೇಕಾದರೆ, ಅದಕ್ಕೂ ಮುಂಚೆ ಅಳತೆ ತೆಗೆದು, ನಕ್ಷೆ ಬರೆದು, ಕಟ್ಟಿದವರ ಕಸುಬಿನ ಮಾತುಗಳನ್ನು ಬರೆದಿಟ್ಟುಕೊಳ್ಳಬೇಕು. ಶಾಸನದ ಕಲ್ಲು ಕಾಯುತ್ತದೆ. ಮಣ್ಣಿನ ಮನೆ ಕಾಯುವುದಿಲ್ಲ.