ಗಗನದಿಂದ ಬಂದ ಪೂರ್ವಜರು – ತಡವಾಗಿ ಕೊಟ್ಟ ಒಂದು ಉತ್ತರ



1988ರ ಒಂದು ಮಧ್ಯಾಹ್ನ. ಎಂಟನೆಯ ತರಗತಿಗೆ ಆದಿಮಾನವನ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಕಲ್ಲಿನ ಕೊಡಲಿಯ ಚಿತ್ರ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತಿದ್ದ. "ಸಾರ್, ನಮ್ಮ ಪೂರ್ವಜರು ಬೇರೆ ಲೋಕದಿಂದ ಬಂದವರಂತೆ. ಆಮೇಲೆ ಅವರೆಲ್ಲ ಅಳಿದುಹೋದರಂತೆ. ಹೌದೇ?" ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ಪರೀಕ್ಷೆಗೆ ಬರುವುದನ್ನು ಕೇಳು, ಕುಳಿತುಕೋ" ಎಂದೆ. ಅವನು ಕುಳಿತ. ಆ ವರ್ಷ ಅವನು ಮತ್ತೊಮ್ಮೆ ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ನಿಜವನ್ನು ಹೇಳುವುದಾದರೆ, ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ನಕ್ಕಿದ್ದೆ. ನಿವೃತ್ತಿಯ ನಂತರ ಓದಲು ಸಮಯ ದೊರೆತಿದೆ. ನದೀಮೂಲ, ಋಷಿಮೂಲಗಳನ್ನು ಕೆದಕಬಾರದೆಂದು ಹಿರಿಯರು ಹೇಳುತ್ತಿದ್ದರು, ಮಾನವಮೂಲವನ್ನಾದರೋ ಕೆದಕಲೇಬೇಕು. ಆದುದರಿಂದ ಈ ಲೇಖನ.

ಆ ಹುಡುಗ ಕೇಳಿದ ವಿಚಾರಕ್ಕೆ ತನ್ನದೇ ಆದ ಒಂದು ಇತಿಹಾಸವಿದೆ. 1968ರಲ್ಲಿ ಸ್ವಿಟ್ಜರ್ಲೆಂಡಿನ ಎರಿಕ್ ಫಾನ್ ಡ್ಯಾನಿಕೆನ್ ಎಂಬವರು ಪುಸ್ತಕವೊಂದನ್ನು ಪ್ರಕಟಿಸಿ, ಪ್ರಾಚೀನರು ದೇವತೆಗಳೆಂದು ಪೂಜಿಸಿದವರು ಅನ್ಯಲೋಕದ ಯಾತ್ರಿಕರೆಂದು ವಾದಿಸಿದರು. ಹಲವು ಭಾಷೆಗಳಲ್ಲಿ ಅದು ಲಕ್ಷಗಟ್ಟಲೆ ಮಾರಾಟವಾಯಿತು. ಐದು ವರ್ಷಗಳ ನಂತರ, 1973ರಲ್ಲಿ, ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ ಲ್ಯಾರಿ ನಿವೆನ್ 'ಪ್ರೊಟೆಕ್ಟರ್' ಎಂಬ ಕಾದಂಬರಿಯನ್ನು ಬರೆದರು. 1977ರಲ್ಲಿ ಜೇಮ್ಸ್ ಹೋಗನ್ ಅವರ 'ಇನ್‌ಹೆರಿಟ್ ದಿ ಸ್ಟಾರ್ಸ್' ಬಂದಿತು. ಅದರಲ್ಲಿ ಚಂದ್ರನ ಮೇಲೆ ಐವತ್ತು ಸಾವಿರ ವರ್ಷ ಹಳೆಯದಾದ ಮನುಷ್ಯಶವವೊಂದು ಸಿಗುತ್ತದೆ. ಇವುಗಳಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟದ್ದು ನಿವೆನ್ ಅವರ ಕಥೆ.

ಅವರು ಕಲ್ಪಿಸಿದ ಜೀವಿಗಳ ಹೆಸರು 'ಪ್ಯಾಕ್'. ಗ್ಯಾಲಕ್ಸಿಯ ನಡುಭಾಗದಿಂದ ಹೊರಟು ಇಪ್ಪತ್ತೈದು ಲಕ್ಷ ವರ್ಷಗಳಷ್ಟು ಹಿಂದೆ ಅವರು ಭೂಮಿಗೆ ಬಂದರಂತೆ. ಅವರ ಬಾಳಿಗೆ ಮೂರು ಅವಸ್ಥೆಗಳು: ಶೈಶವ, ಸಂತಾನಾವಸ್ಥೆ, ರಕ್ಷಕಾವಸ್ಥೆ. ನಡುವಯಸ್ಸಿಗೆ ಬಂದವರು 'ಜೀವವೃಕ್ಷ'ವೆಂಬ ಗಿಡದ ಗೆಡ್ಡೆಯನ್ನು ತಿಂದು ರಕ್ಷಕರಾಗುತ್ತಾರೆ. ಚರ್ಮ ಸುಕ್ಕುಗಟ್ಟಿ ಗಡುಸಾಗುತ್ತದೆ, ಕೀಲುಗಳು ಊದುತ್ತವೆ, ಹಲ್ಲುಗಳು ಉದುರುತ್ತವೆ, ಬುದ್ಧಿ ಅಪಾರವಾಗಿ ಬೆಳೆಯುತ್ತದೆ. ಅಲ್ಲಿಂದ ಮುಂದೆ ತಮ್ಮ ಸಂತಾನವನ್ನು ಕಾಯುವುದೊಂದೇ ಅವರ ಕೆಲಸ. ಕಾಯಲು ಯಾರೂ ಇಲ್ಲವಾದರೆ ಹಸಿವು ಅಡಗಿ, ಅನ್ನ ಬಿಟ್ಟು ಸಾಯುತ್ತಾರೆ. ಭೂಮಿಯ ಮಣ್ಣಿನಲ್ಲಿ ಥ್ಯಾಲಿಯಂ ಸಾಲದೆ ಆ ಗೆಡ್ಡೆಯ ಗುಣ ಕೆಟ್ಟಿತು, ರಕ್ಷಕರು ಅಳಿದರು. ಉಳಿದ ಸಂತಾನವೇ ಹೋಮೋ ಹ್ಯಾಬಿಲಿಸ್, ಅವರ ಮಕ್ಕಳು ನಾವು ಎಂಬುದು ಕಥೆ. ನಮ್ಮ ಮುಪ್ಪು ಎಂದರೆ ಆ ಗೆಡ್ಡೆ ಸಿಗದೆ ಅರ್ಧಕ್ಕೇ ನಿಂತ ರಕ್ಷಕಾವಸ್ಥೆಯಂತೆ! ಮಂಡಿಗೆ ಎಣ್ಣೆ ತಿಕ್ಕುತ್ತಾ ಈ ಭಾಗವನ್ನು ಓದಿದ ನನಗೆ ನಗು ತಡೆಯಲಾಗಲಿಲ್ಲ. ನಿವೃತ್ತನಾದ ಹೊಸತರಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಎಲ್ಲಿಗೂ ಹೋಗಬೇಕಾಗಿಲ್ಲವೆಂದು ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದ ದಿನಗಳೂ ನೆನಪಾದವು.

ಕಥೆ ಸೊಗಸಾಗಿದೆ. ಆದರೆ ಇತಿಹಾಸದ ಉಪಾಧ್ಯಾಯನು ಸಾಕ್ಷ್ಯವನ್ನು ಕೇಳಬೇಕು. ಹೋಮೋ ಹ್ಯಾಬಿಲಿಸ್ ಕಲ್ಪನೆಯಲ್ಲ. ಟಾಂಜಾನಿಯಾದ ಓಲ್ಡುವಾಯಿ ಕಮರಿಯಲ್ಲಿ ದೊರೆತ ಅಸ್ಥಿಗಳಿಗೆ 1964ರಲ್ಲಿ ಲೂಯಿ ಲೀಕಿ, ಫಿಲಿಪ್ ಟೊಬಾಯಸ್, ಜಾನ್ ನೇಪಿಯರ್ ಆ ಹೆಸರಿಟ್ಟರು. 'ಕುಶಲಮಾನವ' ಎಂದು ಅದರ ಅರ್ಥ. ಅವನು ಆಕಾಶದಿಂದ ಇಳಿದವನಾಗಿದ್ದರೆ ಅವನಿಗಿಂತ ಹಿಂದಿನ ಬಂಧುಗಳು ಈ ಮಣ್ಣಿನಲ್ಲಿ ಸಿಗಬಾರದಾಗಿತ್ತು. ಆದರೆ ಸಿಕ್ಕಿದ್ದಾರೆ. ದಕ್ಷಿಣ ಆಫ್ರಿಕಾದ ಟೌಂಗ್ ಶಿಶುವಿನ ತಲೆಬುರುಡೆಯನ್ನು ರೇಮಂಡ್ ಡಾರ್ಟ್ 1925ರಲ್ಲಿಯೇ ಲೋಕಕ್ಕೆ ಪರಿಚಯಿಸಿದ್ದರು. ಕಾದಂಬರಿ ಬಂದ ಮರುವರ್ಷ, 1974ರಲ್ಲಿ, ಇಥಿಯೋಪಿಯಾದಲ್ಲಿ 32 ಲಕ್ಷ ವರ್ಷ ಹಳೆಯ 'ಲೂಸಿ' ದೊರೆತಳು. 1978ರಲ್ಲಿ ಟಾಂಜಾನಿಯಾದ ಲೇಟೋಲಿಯಲ್ಲಿ ಎರಡು ಕಾಲಿನ ಮೇಲೆ ನಡೆದವರ ಹೆಜ್ಜೆಗಳು ಕಂಡವು. ಅವು 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಮೂಡಿದವು.

ಎರಡನೆಯ ಸಾಕ್ಷ್ಯ ನಮ್ಮ ದೇಹದಲ್ಲಿಯೇ ಇದೆ. ಚಿಂಪಾಂಜಿಗೆ 48 ವರ್ಣತಂತುಗಳು, ನಮಗೆ 46. ಪೂರ್ವದ ಎರಡು ತಂತುಗಳು ಕೂಡಿಕೊಂಡು ನಮ್ಮ ಎರಡನೆಯ ವರ್ಣತಂತು ಆಗಿದೆ. ಬೆಸುಗೆಯ ಗುರುತು ಅದರಲ್ಲಿ ಇಂದಿಗೂ ಇದೆ. ದೇಹದಲ್ಲಿಯೇ 'ಸಿ' ಜೀವಸತ್ವವನ್ನು ತಯಾರಿಸಲು ಬೇಕಾದ ಜೀನ್ ನಮ್ಮಲ್ಲಿ ಕೆಟ್ಟುಹೋಗಿದೆ. ವಾನರಗಳಲ್ಲಿಯೂ ಅದೇ ಜೀನ್ ಕೆಟ್ಟಿದೆ. ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಒಂದೇ ತಪ್ಪು ಒಂದೇ ಜಾಗದಲ್ಲಿದ್ದರೆ ಮೂಲ ಒಂದೇ ಎಂದು ಉಪಾಧ್ಯಾಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿವೆನ್ ಅವರನ್ನು ನಾನು ದೂರುವುದಿಲ್ಲ. ಅವರು ಕಥೆಯನ್ನು ಕಥೆಯೆಂದೇ ಕೊಟ್ಟರು. ಕಲ್ಪನೆಯನ್ನು ಇತಿಹಾಸವೆಂದು ಮಾರುವಾಗ ತೊಂದರೆ ಉಂಟಾಗುತ್ತದೆ. ಆಗ ನಿಜವಾದ ಪೂರ್ವಜರ ದುಡಿಮೆ ಅವರ ಕೈತಪ್ಪಿಹೋಗುತ್ತದೆ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿ ಇಸಾಂಪುರವೆಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ಅಲ್ಲಿ ಉತ್ಖನನ ನಡೆಸಿ, ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಆದಿಮಾನವರ ಕಾರ್ಯಸ್ಥಾನವನ್ನು ಬೆಳಕಿಗೆ ತಂದರು. ಅದರ ಪ್ರಾಚೀನತೆ ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜು. ಕಲ್ಲಿನ ಗುಣವನ್ನು ಅರಿತು, ಏಟಿನ ಕೋನವನ್ನು ಲೆಕ್ಕಹಾಕಿದ ಆ ಕೈಗಳಿಗೆ ಸಲ್ಲಬೇಕಾದ ಗೌರವವನ್ನು ಆಕಾಶಕ್ಕೆ ಕೊಡಬಾರದು.

ಇನ್ನೊಂದು ಮಾತು. "ಅಳಿದುಹೋದ ಪೂರ್ವಜರು" ಎಂದು ಆ ಹುಡುಗ ಕೇಳಿದ್ದರಲ್ಲಿ ಅರ್ಧ ನಿಜವಿತ್ತು. ನಿಯಾಂಡರ್ತಾಲರು ಸುಮಾರು ನಲವತ್ತು ಸಾವಿರ ವರ್ಷಗಳ ಹಿಂದೆ ಅಳಿದರು. ಸ್ವಾಂಟೆ ಪಾಬೊ ಮತ್ತು ಸಂಗಡಿಗರು 2010ರಲ್ಲಿ ಅವರ ಜೀನೋಮನ್ನು ಓದಿದಾಗ, ಆಫ್ರಿಕಾದ ಹೊರಗಿನ ಜನರಲ್ಲೆಲ್ಲ ಶೇಕಡಾ ಒಂದೆರಡರಷ್ಟು ಅವರ ಅಂಶ ಉಳಿದಿರುವುದು ತಿಳಿಯಿತು. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನನ್ನಲ್ಲಿಯೂ, ಇದನ್ನು ಓದುತ್ತಿರುವ ನಿಮ್ಮಲ್ಲಿಯೂ ಅಳಿದ ಆ ಬಂಧುಗಳ ಪಾಲಿದೆ. ಅವರು ಈ ನೆಲದವರೇ.

ಆ ಹಿಂದಿನ ಬೆಂಚಿನ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ನಿನ್ನ ಪ್ರಶ್ನೆ ಒಳ್ಳೆಯದಾಗಿತ್ತು. ನಕ್ಕದ್ದು ನನ್ನ ತಪ್ಪು. ಕ್ಷಮಿಸು. ಇನ್ನೊಂದು ಪ್ರಶ್ನೆಯಿದ್ದರೆ ಎದ್ದು ನಿಂತು ಕೇಳು. ಈ ಸಲ ಕುಳಿತುಕೋ ಎನ್ನುವುದಿಲ್ಲ.