ಹೊಟ್ಟೆಗೆ 14 ಸೂಜಿ: ಮದ್ದು ಬದಲಿತ್ತು, ಹೆದರಿಕೆ ಬದಲಿದ್ದಿಲ್ಲೆ



"ನಾಯಿ ಕಚ್ಚಿರೆ ಹೊಕ್ಕುಳಿನ ಸುತ್ತ 14 ಸೂಜಿ ಕುತ್ತುತ್ತವು" – ಈ ಮಾತು ಕೇಳದ್ದ ಹೆಮ್ಮಕ್ಕೊ ನಮ್ಮ ನೆರೆಕರೆಲಿ ಇರವು. ಮಕ್ಕೊ ನಾಯಿಯ ಬಾಲ ಎಳದರೆ ಅಜ್ಜಿಯಕ್ಕೊ ಇದನ್ನೇ ಹೇಳಿ ಹೆದರ್ಸುಗು. ಈಗ ಹಾಂಗೆ 14 ಸೂಜಿ ಕೊಡ್ತವಿಲ್ಲೆ. ಆದರೆ ಆ ಹೆದರಿಕೆ ಮಾಂತ್ರ ಮನೆಂದ ಹೆರ ಹೋಯಿದಿಲ್ಲೆ. ಅದರಿಂದಾಗಿಯೇ ನಾಯಿ ಸಾಂಕುವ ಮನೆಗಳಲ್ಲಿ ಕೆಲವು ತಪ್ಪು ನಡೆತ್ತಾ ಇದ್ದು. ಆ 14 ಸೂಜಿ ಎಲ್ಲಿಂದ ಬಂತು, ಎಲ್ಲಿಗೆ ಹೋತು ಹೇಳಿ ಗೊಂತಾದರೆ ತಪ್ಪುದೆ ತಿದ್ದುಗು ಹೇಳಿ ಈ ಶುದ್ದಿ ಬರೆತ್ತಾ ಇದ್ದೆ.

ನಮ್ಮದು ನಾಯಿಯ ಬೆಲೆ ಗೊಂತಿಪ್ಪ ನಾಡು. ಮಂಡ್ಯ ಜಿಲ್ಲೆಯ ಮದ್ದೂರಿನ ಹೊಡೆಲಿ ಆತಕೂರು ಹೇಳಿ ಒಂದು ಊರಿದ್ದು. ಅಲ್ಲಿ ಸಿಕ್ಕಿದ ವೀರಗಲ್ಲು ಈಗ ಬೆಂಗ್ಳೂರಿನ ಮ್ಯೂಸಿಯಮ್ಮಿಲಿ ಇದ್ದು. 949ನೇ ಇಸವಿಯ ತಕ್ಕೋಲದ ಯುದ್ಧಲ್ಲಿ ಚೋಳರು ಸೋತವು. ಗಂಗರ ಬೂತುಗನ ಕಡೆಯ ಮಣಲೇರ ಹೇಳ್ತ ವೀರಂಗೆ "ಎಂತ ಬೇಕು ಕೇಳು" ಹೇಳಿದ°ಡ ರಾಷ್ಟ್ರಕೂಟರ ಮೂರನೆ ಕೃಷ್ಣ. ಮಣಲೇರ ಕೇಳಿದ್ದು ಕಾಳಿ ಹೇಳ್ತ ನಾಯಿಯ! ಮತ್ತೆ ಆ ಕಾಳಿ ಒಂದು ದೊಡ್ಡ ಹಂದಿಯೊಟ್ಟಿಂಗೆ ಕಾದಿ, ಎರಡುದೆ ಸತ್ತತ್ತು. ಮಣಲೇರ ಕಾಳಿಗೆ ಕಲ್ಲು ನಿಲ್ಸಿ, ಪೂಜೆಗೆ ಭೂಮಿ ಬಿಟ್ಟ°. ಪೂಜೆಯ ಗೊರವ ಆ ಕಲ್ಲಿಂಗೆ ಪೂಜೆ ಮಾಡದ್ದೆ ಉಂಡರೆ ನಾಯಿಯ ಪಾಪ ಅವಂಗೆ ಹೇಳಿಯೂ ಕೆತ್ತುಸಿದ್ದ°.

ಇಷ್ಟು ಪ್ರೀತಿ ಇದ್ದರುದೆ ಮರುಳು ನಾಯಿಯ ರೋಗಕ್ಕೆ ಮದ್ದು ಇತ್ತಿಲ್ಲೆ. ಮರುಳು ನಾಯಿ ಕಚ್ಚಿದವು ನೀರು ಕಂಡು ಹೆದರ್ಲೆ ಸುರು ಮಾಡಿರೆ ಬದುಕ್ಕವು ಹೇಳಿ ಸುಶ್ರುತ ಸಂಹಿತೆಲಿಯೇ ಇದ್ದು. ಆ ಮಾತು ಈಗಳೂ ಸರಿಯೇ. ರೋಗ ಹೆರ ಕಂಡ ಮತ್ತೆ ಬದುಕ್ಕಿದವು ಇಡೀ ಲೋಕಲ್ಲಿ ಬೆರಳೆಣಿಕೆ. ಹಾಂಗಾಗಿ ಎಂತ ಮಾಡ್ತರುದೆ ಅದರಿಂದ ಮದಲೇ ಮಾಡೆಕ್ಕು.

ಆ "ಮದಲೇ" ಹೇಳುದು ಸಾಧ್ಯ ಆದ್ದು 1885ರ ಜುಲೈ 6ಕ್ಕೆ. ಅಂದು ಪ್ಯಾರಿಸಿಂಗೆ ಜೋಸೆಫ್ ಮೀಸ್ಟರ್ ಹೇಳ್ತ 9 ವರ್ಷದ ಮಾಣಿಯ ಅವನ ಅಬ್ಬೆ ಕರಕ್ಕೊಂಡು ಬಂತು. ಎರಡು ದಿನ ಮದಲು ಮರುಳು ನಾಯಿ ಅವನ ಸುಮಾರು ಕಡೆ ಕಚ್ಚಿತ್ತು. ಲೂಯಿ ಪ್ಯಾಶ್ಚರ್ ರೋಗ ಬಂದ ಮೊಲದ ಬೆನ್ನುಹುರಿಯ ಒಣಗುಸಿ ಮಾಡಿದ ಮದ್ದಿನ ಮಾಣಿಯ ಹೊಟ್ಟೆಯ ಚರ್ಮಕ್ಕೆ ದಾಕುದಾರಕ್ಕಳ ಕೈಲಿ ಕುತ್ತುಸಿದವು. ಎಲ್ಲ ಸೇರಿ 13 ಸೂಜಿ. ಮಾಣಿ ಬದುಕ್ಕಿದ°. ದೊಡ್ಡ ಆದ ಮತ್ತೆ ಪ್ಯಾಶ್ಚರ್ ಸಂಸ್ಥೆಲಿಯೇ ಕಾವಲಿನ ಕೆಲಸಕ್ಕೆ ಇತ್ತಿದ್ದ°.

ನಮ್ಮ ದೇಶಲ್ಲಿ ಈ ಮದ್ದು ಕೊಡುವ ಸಂಸ್ಥೆ ಸುರುವಾದ್ದು 1900ರಲ್ಲಿ, ಹಿಮಾಲಯದ ಹೊಡೆಯ ಕಸೌಲಿಲಿ. ನಮ್ಮ ದಕ್ಷಿಣಕ್ಕೆ 1907ರಲ್ಲಿ ನೀಲಗಿರಿಯ ಕೂನೂರಿಲಿ ಒಂದು ಆತು. ಗುಡ್ಡೆ ಹತ್ತಿ ಅಲ್ಲಿಗೆ ಹೋಗಿ, ಸೂಜಿ ಮುಗಿವನ್ನಾರ ಅಲ್ಲೇ ನಿಲ್ಲೆಕ್ಕಾತು. ಪೈಸೆ ಇಲ್ಲದ್ದವಕ್ಕೆ ಎಲ್ಲಿ ಎಡಿಗು?

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಹೇಳ್ತ ದಾಕುದಾರ° ಕುರಿಯ ಮಿದುಳಿಂದ ಬೇರೆ ನಮುನೆಯ ಮದ್ದು ಮಾಡಿದ°. ಅದರ್ಲಿ ರೋಗಾಣುವಿನ ಕೊಂದೇ ಹಾಕುದು. ಆ ಮದ್ದಿನ ದೂರದ ಆಸ್ಪತ್ರೆಗೊಕ್ಕೂ ಕಳ್ಸಲೆ ಎಡಿಗಾತು. ನಮ್ಮ ಅಜ್ಜಿಯಕ್ಕೊ ಹೇಳುವ 14 ಸೂಜಿ ಇದುವೇ. ಒಂದೊಂದು ಸರ್ತಿ ಕುತ್ತೆಕ್ಕಾದ ಮದ್ದು ಹೆಚ್ಚು, ಅದಕ್ಕೆ ಕೈಲಿ ಜಾಗೆ ಸಾಲ. ಹೊಟ್ಟೆಯ ಚರ್ಮ ಸಡಿಲ, ಹಾಂಗಾಗಿ ದಿನಾಗುಳೂ ಅಲ್ಲಿಗೆ. ಬಾವು, ಬೇನೆ ಎಲ್ಲ ಬಕ್ಕು. ಅಪರೂಪಕ್ಕೆ ಕೆಲವು ಜೆನಕ್ಕೆ ಕೈಕಾಲಿನ ಬಲವೇ ಹೋಗಿಂಡಿದ್ದತ್ತು. ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

2005ರ ಹೊತ್ತಿಂಗೆ ನಮ್ಮ ದೇಶಲ್ಲಿ ಕುರಿಮಿದುಳಿನ ಮದ್ದು ನಿಂದತ್ತು. ಈಗಾಣದ್ದು ಬೇರೆಯೇ ಮದ್ದು, ಕುತ್ತುದು ತೋಳಿಂಗೆ. ಚರ್ಮಕ್ಕೆ ಕೊಡ್ತ ಕ್ರಮಲ್ಲಿ ಸುರೂವಾಣ ದಿನ, ಮತ್ತೆ 3, 7, 28ನೇ ದಿನ – ನಾಲ್ಕು ಸರ್ತಿ ಹೋದರಾತು. ಮಾಂಸಕ್ಕೆ ಕೊಡ್ತರೆ 5 ಸೂಜಿ. ನೆತ್ತರು ಬಂದ ಗಾಯ ಆದರೆ ಗಾಯದ ಸುತ್ತ ಸೀರಮ್ ಹೇಳಿ ಇನ್ನೊಂದು ಮದ್ದುದೆ ಬೇಕಾವುತ್ತು.

ಇನ್ನು ನಾಯಿ ಸಾಂಕುವವು ಮಾಡ್ಲಾಗದ್ದ ತಪ್ಪುಗಳ ಹೇಳ್ತೆ.

"ನಮ್ಮ ನಾಯಿ ಜಾಲಿಂದ ಹೆರ ಹೋವ್ತಿಲ್ಲೆ, ಅದಕ್ಕೆಂತಕೆ ಸೂಜಿ?" ಹೇಳುದು ಒಂದನೆದು. ನಮ್ಮದು ಹೋಗದ್ರೂ ಬೇರೆ ನಾಯಿಗೊ, ಪುಚ್ಚೆಗೊ, ನರಿಗೊ ಇರುಳು ತೋಟಕ್ಕೆ ಬತ್ತವಿಲ್ಲೆಯೋ? ಕುಞ್ಞಿಗೆ 3 ತಿಂಗಳಪ್ಪಗ ಸುರೂವಾಣ ಸೂಜಿ, ಮತ್ತೆ ದಾಕುದಾರಕ್ಕೊ ಹೇಳಿದ ಹಾಂಗೆ ವರ್ಷ ವರ್ಷ. ಚೀಟಿಯ ರೇಶನ್ ಕಾರ್ಡಿನೊಟ್ಟಿಂಗೆ ಜಾಗ್ರತೆಲಿ ಮಡುಗಿ.

ಗಾಯಕ್ಕೆ ಅಡಿಗೆ ಒಳಾಣ ಮದ್ದು ಹಾಕುದು ಎರಡನೆದು. ಮೆಣಸು, ಸುಣ್ಣ, ಅರಶಿನ, ಎಣ್ಣೆ – ಯಾವುದೂ ಬೇಡ. ಮದಲಿಂಗೆ ಕಾದ ಕಬ್ಬಿಣಲ್ಲಿ ಗಾಯವ ಸುಟ್ಟೊಂಡಿತ್ತಿದ್ದವು. ಮೆಣಸು ಹಾಕಿ ಉರುಶುದುದೆ ಅದೇ ಆಲೋಚನೆ. ಗಾಯವ ತಿಕ್ಕಿಯಪ್ಪಗ ರೋಗಾಣು ಇನ್ನೂ ಒಳ ಹೋಕು. ಆ ರೋಗಾಣುವಿನ ಹೆರಾಣ ಚೋಲಿಲಿ ಜಿಡ್ಡಿನ ಅಂಶ ಇದ್ದು. ತುಪ್ಪದ ಪಾತ್ರೆಯ ಜಿಡ್ಡಿನ ಸೋಪು ಹೇಂಗೆ ಬಿಡುಸುತ್ತೋ, ಹಾಂಗೆ ಇದರ ಚೋಲಿಯನ್ನೂ ಬಿಡುಸುತ್ತು. ಪೈಪಿನ ನೀರಿಂಗೆ ಗಾಯ ಹಿಡುದು, ಸೋಪು ಹಾಕಿ 15 ನಿಮಿಷ ತೊಳೆಯೆಕ್ಕು. ಗಡಿಯಾರ ನೋಡಿಯೇ ತೊಳೆಯಿ, ಅಂದಾಜಿಲಿ ಬೇಡ. ಮತ್ತೆ ಅಂದೇ ಆಸ್ಪತ್ರೆಗೆ.

"10 ದಿನ ನಾಯಿಯ ನೋಡುವ, ಸತ್ತರೆ ಮತ್ತೆ ಹೋಪ" ಹೇಳುದು ಮೂರನೆದು. ನಾಯಿಯ ಕಟ್ಟಿಹಾಕಿ ನೋಡೆಕ್ಕಾದ್ದಪ್ಪು, ಬಡುದು ಕೊಲ್ಲುಲಾಗ. ಆದರೆ ಸೂಜಿ ಸುರು ಮಾಡಿಯೇ ನೋಡೆಕ್ಕು. ರೋಗಾಣು ನರಲ್ಲಿ ಮೆಲ್ಲಂಗೆ ಮಿದುಳಿಂಗೆ ಹೋವುತ್ತು, ನಾವು ಅದರಿಂದ ಮುಂದೆ ಇರೆಕ್ಕು. ಮೋರೆಗೋ ಕೈಗೋ ಕಚ್ಚಿರೆ ದಾರಿ ಗಿಡ್ಡ. ಮಕ್ಕೊ ಕುಳ್ಳ, ಅವಕ್ಕೆ ಕಚ್ಚುದು ಹೆಚ್ಚಾಗಿ ಮೋರೆಗೆ, ತಲೆಗೆ. ಎರಡು ಸೂಜಿ ಆದಪ್ಪಗ "ಗಾಯ ಒಣಗಿತ್ತನ್ನೆ" ಹೇಳಿ ನಿಲ್ಲುಸುದೂ ತಪ್ಪೇ. ಸಾಂಕಿದ ಕುಞ್ಞಿ ಆಟಲ್ಲಿ ಪರಂಚಿದ್ದು ಹೇಳಿ ಬಿಡುದುದೆ ತಪ್ಪೇ.

ಅಕೇರಿದು ಎಲ್ಲದರಿಂದ ದೊಡ್ಡದು: ಮಕ್ಕಳ 14 ಸೂಜಿ ಹೇಳಿ ಹೆದರ್ಸುದು. ಆ ಹೆದರಿಕೆಗೆ ಮಕ್ಕೊ ನಾಯಿ ಕಚ್ಚಿದ್ದರ ಅಬ್ಬೆಯತ್ರೆ ಹೇಳದ್ದೆ ಹುಗ್ಗುಸುತ್ತವು. ಸಣ್ಣ ಗಾಯ, ಎರಡು ದಿನಲ್ಲಿ ಒಣಗುಗು. ರೋಗ ಹೆರ ಬಪ್ಪಲೆ ವಾರವೂ ಅಕ್ಕು, ತಿಂಗಳುಗಳೂ ಅಕ್ಕು. ಅಷ್ಟಪ್ಪಗ ಕೇಳಿರೆ ಎಂತ ಗುಣ? ಬೈಯದ್ದೆ ಕೇಳುವ ಅಬ್ಬೆ, ಅಜ್ಜಿ ಇದ್ದರೆ ಮಕ್ಕೊ ಹೇಳುಗು. "ನಾಯಿ ನಕ್ಕಿರೂ ಪರಂಚಿರೂ ಎನ್ನತ್ರೆ ಹೇಳು, ಬೈತ್ತಿಲ್ಲೆ, ತೋಳಿಂಗೆ ಸಣ್ಣ ಸೂಜಿ ಅಷ್ಟೆ" ಹೇಳಿ ಇಂದೇ ಹೇಳಿ ಮಡುಗಿ.

ನಮ್ಮ ನೆರೆಯ ಗೋವೆಲಿ ನಾಯಿಗೊಕ್ಕೆ ಮನೆ ಮನೆಗೆ, ಬೀದಿ ಬೀದಿಗೆ ಹೋಗಿ ಸೂಜಿ ಹಾಕಿದವು. 2021ರಲ್ಲಿ ಅದರ ರೇಬೀಸ್ ಹತೋಟಿಲಿಪ್ಪ ರಾಜ್ಯ ಹೇಳಿ ಸಾರಿದವು. ಅವಕ್ಕೆ ಎಡಿಗಾದ್ದು ನವಗೆ ಎಡಿಯದೋ?

ಪ್ಯಾಶ್ಚರ್ ತೀರಿಹೋದ್ದು 1895ರ ಸೆಪ್ಟೆಂಬರ್ 28ಕ್ಕೆ. ಅದೇ ದಿನ ಈಗ ರೇಬೀಸ್ ದಿನ. ಆ ಹೊತ್ತಿಂಗೆ ಸುಮಾರು ಕಡೆ ನಾಯಿಗೊಕ್ಕೆ ಧರ್ಮಕ್ಕೆ ಸೂಜಿ ಹಾಕುವ ಶಿಬಿರ ಇರ್ತು. ನಿಂಗಳ ಊರಿನ ಪಶು ಆಸ್ಪತ್ರೆಲಿ ಒಂದರಿ ವಿಚಾರ್ಸಿ. ಹೋವುತ್ತರೆ ಕರೆಕರೆಯ ಮನೆಯವರ ನಾಯಿಯನ್ನೂ ಒಟ್ಟಿಂಗೆ ಕರಕ್ಕೊಂಡು ಹೋಗಿ, ಒಂದೇ ಜೀಪಿಲಿ ಕೆಲಸ ಆವುತ್ತು.