ಚಾರ್ಲ್‌ಟನ್ ಅಥ್ಲೆಟಿಕ್‌ನಿಂದ ಅಲನ್ ಕರ್ಬಿಶ್ಲಿ ನಿರ್ಗಮನ

ಅಲನ್ ಕರ್ಬಿಶ್ಲಿ (ಜನನ: 8 ನವೆಂಬರ್ 1957) ಇಂಗ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ ಹಾಗೂ ವ್ಯವಸ್ಥಾಪಕ. ಆಗ್ನೇಯ ಲಂಡನ್ನಿನ ಚಾರ್ಲ್‌ಟನ್ ಅಥ್ಲೆಟಿಕ್ ಕ್ಲಬ್ಬಿನ ತಂಡವನ್ನು ಅವರು 1991ರಿಂದ 2006ರವರೆಗೆ ನಡೆಸಿದರು. ಅವರು ಹುದ್ದೆ ತೊರೆದ ಮರುವರ್ಷವೇ ತಂಡವು ಪ್ರೀಮಿಯರ್ ಲೀಗ್‌ನಿಂದ ಹೊರಬಿದ್ದಿತು. ಮತ್ತೆರಡು ವರ್ಷಗಳಲ್ಲಿ ಮೂರನೆಯ ದರ್ಜೆಗೆ ಇಳಿಯಿತು. ಈ ಕಾರಣದಿಂದ ಅವರ ನಿರ್ಗಮನವು ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಪದೇ ಪದೇ ಉದಾಹರಿಸಲ್ಪಡುವ ಪ್ರಸಂಗವಾಗಿದೆ. ಯಾವುದಾದರೂ ಕ್ಲಬ್ಬಿನ ಅಭಿಮಾನಿಗಳು ದೀರ್ಘಕಾಲದ ವ್ಯವಸ್ಥಾಪಕರ ಬಗ್ಗೆ ಗೊಣಗತೊಡಗಿದಾಗ, ಚಾರ್ಲ್‌ಟನ್‌ಗೆ ಏನಾಯಿತೆಂದು ನೋಡಿರಿ ಎಂದು ವೀಕ್ಷಕ ವಿವರಣೆಕಾರರು ಎಚ್ಚರಿಸುವುದು ವಾಡಿಕೆ. ಹೆಚ್ಚಿನದನ್ನು ಬಯಸಿದ ಅಭಿಮಾನಿಗಳೇ ಅವರನ್ನು ಓಡಿಸಿದರು ಎಂಬ ಅರ್ಥ ಈ ಎಚ್ಚರಿಕೆಯಲ್ಲಿ ಅಡಗಿದೆ. ಘಟನೆಗಳ ಕ್ರಮವನ್ನು ಗಮನಿಸಿದರೆ ಈ ಅರ್ಥ ಪೂರ್ತಿಯಾಗಿ ನಿಲ್ಲುವುದಿಲ್ಲ.

ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ವ್ಯವಸ್ಥಾಪಕ ಎಂಬ ಹುದ್ದೆಯು ನಮ್ಮಲ್ಲಿ ಮುಖ್ಯ ಕೋಚ್ ಎನ್ನುವ ಹುದ್ದೆಗಿಂತ ವಿಸ್ತಾರವಾದದ್ದು. ತರಬೇತಿ ಮತ್ತು ತಂಡದ ಆಯ್ಕೆಯ ಜೊತೆಗೆ ಆಟಗಾರರನ್ನು ಕೊಳ್ಳುವ, ಮಾರುವ ವಿಚಾರದಲ್ಲಿಯೂ ವ್ಯವಸ್ಥಾಪಕರ ಮಾತಿಗೆ ತೂಕವಿರುತ್ತಿತ್ತು. ಕರ್ಬಿಶ್ಲಿಯವರು ಆ ಹಳೆಯ ಪದ್ಧತಿಯ ವ್ಯವಸ್ಥಾಪಕರು.

ಹಿನ್ನೆಲೆ

ಚಾರ್ಲ್‌ಟನ್ ಅಥ್ಲೆಟಿಕ್ 1905ರಲ್ಲಿ ಸ್ಥಾಪನೆಯಾದ ಕ್ಲಬ್. ಜಿಮ್ಮಿ ಸೀಡ್ ಅವರು ವ್ಯವಸ್ಥಾಪಕರಾಗಿದ್ದ ಅವಧಿಯಲ್ಲಿ (1933–56) ಅದು ದೇಶದ ಮುಂಚೂಣಿಯ ತಂಡಗಳಲ್ಲಿ ಒಂದಾಗಿತ್ತು, 1947ರಲ್ಲಿ ಎಫ್‌.ಎ. ಕಪ್ ಗೆದ್ದಿತ್ತು. ಆಮೇಲೆ ಬಂದದ್ದು ದೀರ್ಘ ಇಳಿಗಾಲ. ಹಣಕಾಸಿನ ಮತ್ತು ಸುರಕ್ಷತೆಯ ತೊಂದರೆಗಳಿಂದಾಗಿ 1985ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ತನ್ನ ಸ್ವಂತ ಮೈದಾನವಾದ ‘ದಿ ವ್ಯಾಲಿ’ಯನ್ನು ಬಿಟ್ಟು, ಮೊದಲು ಕ್ರಿಸ್ಟಲ್ ಪ್ಯಾಲೆಸ್ ತಂಡದ, ನಂತರ ವೆಸ್ಟ್ ಹ್ಯಾಮ್ ತಂಡದ ಮೈದಾನದಲ್ಲಿ ಬಾಡಿಗೆಗೆ ಆಡಬೇಕಾಯಿತು.

ಈ ಮೈದಾನವನ್ನು ಮರಳಿ ಪಡೆಯಲು ಅಭಿಮಾನಿಗಳು ಮಾಡಿದ ಹೋರಾಟವನ್ನು ಇಲ್ಲಿ ಹೇಳಲೇಬೇಕು. 1990ರ ಗ್ರೀನಿಚ್ ಸ್ಥಳೀಯ ಸಂಸ್ಥೆಯ ಚುನಾವಣೆಯಲ್ಲಿ ಅವರು ‘ವ್ಯಾಲಿ ಪಾರ್ಟಿ’ ಎಂಬ ಪಕ್ಷವನ್ನೇ ಕಟ್ಟಿ ಸ್ಪರ್ಧಿಸಿ 14,838 ಮತಗಳನ್ನು ಪಡೆದರು. ಕೊನೆಗೂ 5 ಡಿಸೆಂಬರ್ 1992ರಂದು ತಂಡ ವ್ಯಾಲಿಗೆ ಮರಳಿತು. ಅಂದು ಪೋರ್ಟ್ಸ್‌ಮತ್ ವಿರುದ್ಧದ ಪಂದ್ಯವನ್ನು 1–0 ಅಂತರದಿಂದ ಗೆದ್ದಿತು. ತಮ್ಮ ಕ್ಲಬ್ಬಿಗಾಗಿ ಬೀದಿಗಿಳಿದು ಮತ ಕೇಳಿದ ಇದೇ ಜನರನ್ನು ಮುಂದೆ ಕೃತಘ್ನರೆಂದು ಕರೆಯಲಾಯಿತು ಎಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕರ್ಬಿಶ್ಲಿಯವರ ಅವಧಿ

ಪೂರ್ವ ಲಂಡನ್ನಿನ ಫಾರೆಸ್ಟ್ ಗೇಟ್‌ನಲ್ಲಿ ಜನಿಸಿದ ಕರ್ಬಿಶ್ಲಿ ವೆಸ್ಟ್ ಹ್ಯಾಮ್‌ನಲ್ಲಿ ಆಟ ಆರಂಭಿಸಿ, ಬರ್ಮಿಂಗ್‌ಹ್ಯಾಮ್ ಸಿಟಿ, ಆಸ್ಟನ್ ವಿಲ್ಲಾ, ಚಾರ್ಲ್‌ಟನ್, ಬ್ರೈಟನ್ ತಂಡಗಳಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದರು. 1990ರಲ್ಲಿ ಚಾರ್ಲ್‌ಟನ್‌ಗೆ ಆಟಗಾರ–ಕೋಚ್ ಆಗಿ ಹಿಂದಿರುಗಿದರು. ಮರುವರ್ಷ ಲೆನ್ನಿ ಲಾರೆನ್ಸ್ ಅವರು ಮಿಡಲ್ಸ್‌ಬರೋಗೆ ಹೋದಾಗ ಸ್ಟೀವ್ ಗ್ರಿಟ್ ಅವರೊಂದಿಗೆ ಜಂಟಿ ವ್ಯವಸ್ಥಾಪಕರಾದರು. 1995ರಲ್ಲಿ ಪೂರ್ಣ ಹೊಣೆ ಅವರೊಬ್ಬರದಾಯಿತು.

ಆರಂಭದ ವರ್ಷಗಳಲ್ಲಿ ಕ್ಲಬ್ಬಿಗೆ ಸ್ವಂತ ಮೈದಾನವಿರಲಿಲ್ಲ, ಹಣವೂ ಇರಲಿಲ್ಲ. ಒಳ್ಳೆಯ ಆಟಗಾರರನ್ನು ಮಾರಿ ಕ್ಲಬ್ ನಡೆಸಬೇಕಾಗಿತ್ತು. 1992ರಲ್ಲಿ ರಾಬರ್ಟ್ ಲೀ ಅವರನ್ನು ನ್ಯೂಕ್ಯಾಸಲ್‌ಗೆ ಸುಮಾರು 7 ಲಕ್ಷ ಪೌಂಡ್‌ಗಳಿಗೆ ಮಾರಿದ್ದು ಮೈದಾನಕ್ಕೆ ಮರಳುವ ಖರ್ಚಿಗೆ ನೆರವಾಯಿತು. 1996ರಲ್ಲಿ ತರುಣ ಲೀ ಬೋಯರ್ ಲೀಡ್ಸ್ ತಂಡದ ಪಾಲಾದರು. ಹೀಗೆ ಮಾರುತ್ತಲೇ ತಂಡವನ್ನು ಕಟ್ಟುವುದು ಕರ್ಬಿಶ್ಲಿಯವರಿಗೆ ಅಭ್ಯಾಸವಾಗಿಹೋಯಿತು.

25 ಮೇ 1998ರಂದು ವೆಂಬ್ಲಿಯಲ್ಲಿ ನಡೆದ ಪ್ಲೇ-ಆಫ್ ಫೈನಲ್ ಆ ಕ್ಲಬ್ಬಿನ ಇತಿಹಾಸದ ಅತ್ಯಂತ ಪ್ರಸಿದ್ಧ ಪಂದ್ಯಗಳಲ್ಲಿ ಒಂದು. ಎದುರಾಳಿ ಸಂಡರ್ಲೆಂಡ್. ಸಂಡರ್ಲೆಂಡ್‌ನಲ್ಲೇ ಹುಟ್ಟಿದ ಕ್ಲೈವ್ ಮೆಂಡೋನ್ಸಾ ಚಾರ್ಲ್‌ಟನ್ ಪರ ಮೂರು ಗೋಲು ಗಳಿಸಿದರು. ಮೂರು ಬಾರಿ ಹಿನ್ನಡೆಯಿಂದ ಚೇತರಿಸಿಕೊಂಡ ತಂಡ ಪಂದ್ಯವನ್ನು 4–4ರಲ್ಲಿ ಸಮ ಮಾಡಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಎರಡೂ ತಂಡಗಳ ಒದೆತಗಳೆಲ್ಲ ಗುರಿ ಮುಟ್ಟುತ್ತಾ ಹೋಗಿ, ಮೈಕಲ್ ಗ್ರೇ ಅವರ ಒದೆತವನ್ನು ಗೋಲ್‌ಕೀಪರ್ ಸಾಶಾ ಇಲಿಚ್ ತಡೆದಾಗ ಚಾರ್ಲ್‌ಟನ್ 7–6ರಿಂದ ಗೆದ್ದು ಮೊದಲ ಬಾರಿಗೆ ಪ್ರೀಮಿಯರ್ ಲೀಗ್ ಪ್ರವೇಶಿಸಿತು.

ಮೊದಲ ಯತ್ನ ಒಂದೇ ವರ್ಷಕ್ಕೆ ಮುಗಿಯಿತು. 36 ಅಂಕಗಳೊಂದಿಗೆ 18ನೆಯ ಸ್ಥಾನ ಪಡೆದ ತಂಡ 1999ರಲ್ಲಿ ಕೆಳದರ್ಜೆಗೆ ಇಳಿಯಿತು. ಹಿಂಬಡ್ತಿಯಾದೊಡನೆ ವ್ಯವಸ್ಥಾಪಕರನ್ನು ಬದಲಿಸುವುದು ಅಲ್ಲಿನ ರೂಢಿಯಾದರೂ ಅಧ್ಯಕ್ಷ ರಿಚರ್ಡ್ ಮರ್ರೆ ಮತ್ತು ಮಂಡಳಿ ಅವರನ್ನೇ ಉಳಿಸಿಕೊಂಡಿತು. ಮರುವರ್ಷ ತಂಡ ಸತತ 12 ಗೆಲುವುಗಳ ಸರಣಿಯೊಂದಿಗೆ 91 ಅಂಕ ಗಳಿಸಿ, ಕೆಳದರ್ಜೆಯ ಚಾಂಪಿಯನ್ ಆಗಿ ಮೇಲೆ ಬಂದಿತು. ಈ ಒಂದು ತೀರ್ಮಾನದಲ್ಲಿದ್ದ ತಾಳ್ಮೆಯನ್ನು 2006ರ ನಂತರದ ಆತುರದ ತೀರ್ಮಾನಗಳೊಂದಿಗೆ ಹೋಲಿಸಿ ನೋಡಬೇಕು.

ಮುಂದಿನ ಆರು ಋತುಗಳಲ್ಲಿ ತಂಡ ಪ್ರೀಮಿಯರ್ ಲೀಗ್‌ನಲ್ಲಿ ಕ್ರಮವಾಗಿ 9, 14, 12, 7, 11 ಮತ್ತು 13ನೆಯ ಸ್ಥಾನ ಪಡೆಯಿತು. ಅಂಕಗಳು 52, 44, 49, 53, 46, 47. ಸರಾಸರಿ ಋತುವಿಗೆ 48.5 ಅಂಕ. ಇಪ್ಪತ್ತು ತಂಡಗಳ ಲೀಗ್‌ನಲ್ಲಿ 40 ಅಂಕ ದಾಟಿದ ತಂಡ ಸುರಕ್ಷಿತ ಎಂಬ ಲೆಕ್ಕಾಚಾರವಿದೆ. ಈ ಆರು ವರ್ಷಗಳಲ್ಲಿ ಒಮ್ಮೆಯೂ ಚಾರ್ಲ್‌ಟನ್ ಆ ಗೆರೆಯ ಕೆಳಗೆ ಉಳಿಯಲಿಲ್ಲ. ವ್ಯಾಲಿಯನ್ನು ಸುಮಾರು 27,000 ಆಸನಗಳಿಗೆ ವಿಸ್ತರಿಸಿದ್ದೂ ಇದೇ ಕಾಲದಲ್ಲಿ.

ಅಸಮಾಧಾನದ ಮೂಲ

2003–04ರ ಋತುವನ್ನು ಬಿಡಿಸಿ ನೋಡಿದರೆ ಅಭಿಮಾನಿಗಳ ಅಸಮಾಧಾನ ಎಲ್ಲಿಂದ ಹುಟ್ಟಿತೆಂಬುದು ತಿಳಿಯುತ್ತದೆ. ಆ ವರ್ಷ ಕ್ರಿಸ್‌ಮಸ್ ಮರುದಿನ ವ್ಯಾಲಿಯಲ್ಲಿ ಚೆಲ್ಸಿ ತಂಡವನ್ನು 4–2ರಿಂದ ಸೋಲಿಸಿದ ಚಾರ್ಲ್‌ಟನ್ ಅಂಕಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದ ಆಸುಪಾಸಿನಲ್ಲಿತ್ತು. ಜನವರಿಯಲ್ಲಿ ಅದೇ ಚೆಲ್ಸಿ ತಂಡ ಚಾರ್ಲ್‌ಟನ್‌ನ ಯುವ ತಂಡದಿಂದ ಬೆಳೆದುಬಂದಿದ್ದ ಸ್ಕಾಟ್ ಪಾರ್ಕರ್ ಅವರನ್ನು ಸುಮಾರು 1 ಕೋಟಿ ಪೌಂಡ್‌ಗಳಿಗೆ ಕೊಂಡೊಯ್ದಿತು. ತಂಡ ಕೊನೆಗೆ ಏಳನೆಯ ಸ್ಥಾನದಲ್ಲಿ ನಿಂತಿತು. ಅದು 1953ರ ನಂತರದ ಅತ್ಯುತ್ತಮ ಸಾಧನೆ. ಆದರೆ ಐದನೆಯ ಸ್ಥಾನಕ್ಕೆ, ಅಂದರೆ ಯೂರೋಪಿನ ಟೂರ್ನಿಯ ಪ್ರವೇಶಕ್ಕೆ, ಮೂರು ಅಂಕ ಕಡಿಮೆಯಾಯಿತು. ಅದೇ ವರ್ಷ ನೆರೆಯ ಎದುರಾಳಿ ಮಿಲ್‌ವಾಲ್ ಎರಡನೆಯ ದರ್ಜೆಯಲ್ಲಿದ್ದುಕೊಂಡೇ ಎಫ್‌.ಎ. ಕಪ್ ಫೈನಲ್ ತಲುಪಿ ಯುಇಎಫ್‌ಎ ಕಪ್‌ಗೆ ಅರ್ಹತೆ ಪಡೆದದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು.

ಮೊದಲಾರ್ಧದಲ್ಲಿ ಚೆನ್ನಾಗಿ ಆಡಿ, 40 ಅಂಕ ಸಮೀಪಿಸಿದ ಮೇಲೆ ಮಾರ್ಚ್, ಏಪ್ರಿಲ್‌ಗಳಲ್ಲಿ ತಂಡ ಸೊರಗುವುದು ಎಂಬ ದೂರು ಹೆಚ್ಚುಕಡಿಮೆ ಪ್ರತಿವರ್ಷ ಕೇಳಿಬರುತ್ತಿತ್ತು. ಈ ದೂರು ಆಧಾರರಹಿತವಾಗಿರಲಿಲ್ಲ. ಆಟದ ಶೈಲಿ ಎಚ್ಚರಿಕೆಯದು, ರಕ್ಷಣೆಗೆ ಹೆಚ್ಚು ಒತ್ತು ಕೊಡುವಂಥದು ಎಂಬ ಟೀಕೆಯೂ ಇತ್ತು. 2005–06ರಲ್ಲಿ ತಂಡ ಮೊದಲ ನಾಲ್ಕು ಪಂದ್ಯಗಳನ್ನೂ ಗೆದ್ದು ಆಸೆ ಮೂಡಿಸಿ, ಕೊನೆಗೆ 13ನೆಯ ಸ್ಥಾನಕ್ಕೆ ಜಾರಿತು. ಎಫ್‌.ಎ. ಕಪ್ ಕ್ವಾರ್ಟರ್ ಫೈನಲ್‌ನ ಮರುಪಂದ್ಯದಲ್ಲಿ ಮಿಡಲ್ಸ್‌ಬರೋ ಎದುರು 4–2ರಿಂದ ಸೋತಿತು. ಆದರೂ ಗೊಣಗುವುದು ಬೇರೆ, ಹೊರಗೆ ಹಾಕಿರೆಂದು ಚಳವಳಿ ಹೂಡುವುದು ಬೇರೆ. ಚಾರ್ಲ್‌ಟನ್‌ನಲ್ಲಿ ಇದ್ದದ್ದು ಮೊದಲನೆಯದು.

ನಿರ್ಗಮನ

ನಿರ್ಗಮನಕ್ಕೆ ನೇರ ಕಾರಣವಾದದ್ದು ಒಪ್ಪಂದದ ಪ್ರಶ್ನೆ. ಅವರ ಒಪ್ಪಂದದಲ್ಲಿ ಇನ್ನೊಂದು ವರ್ಷ ಮಾತ್ರ ಉಳಿದಿತ್ತು. ಅದನ್ನು ವಿಸ್ತರಿಸಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ಅನಿಶ್ಚಿತತೆಯಲ್ಲಿ ಒಂದು ಋತುವನ್ನು ಕಳೆಯುವ ಮನಸ್ಸು ಮಂಡಳಿಗಿರಲಿಲ್ಲ. ಅದೇ ವಸಂತದಲ್ಲಿ ಸ್ವೆನ್-ಯೋರಾನ್ ಎರಿಕ್ಸನ್ ಅವರ ನಂತರ ಇಂಗ್ಲೆಂಡ್ ರಾಷ್ಟ್ರೀಯ ತಂಡದ ಹೊಣೆ ಹೊರಲು ಸಂದರ್ಶಿಸಲಾದವರಲ್ಲಿ ಕರ್ಬಿಶ್ಲಿಯವರೂ ಇದ್ದರು. ಆ ಹುದ್ದೆ ಸ್ಟೀವ್ ಮೆಕ್ಲಾರೆನ್ ಅವರಿಗೆ ಹೋಯಿತು. ಋತುವಿನ ಅಂತ್ಯಕ್ಕೆ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ತೀರ್ಮಾನವನ್ನು 29 ಏಪ್ರಿಲ್ 2006ರಂದು ಪ್ರಕಟಿಸಲಾಯಿತು. ಕೊನೆಯ ಪಂದ್ಯ ಮೇ 7ರಂದು ಮ್ಯಾಂಚೆಸ್ಟರ್ ಯುನೈಟೆಡ್ ಎದುರು. ಫಲಿತಾಂಶ 0–4 ಸೋಲು.

ನಂತರದ ವರ್ಷ

ಇಯಾನ್ ಡೋವಿ ಹೊಸ ವ್ಯವಸ್ಥಾಪಕರಾದರು. ಸುಲೇಮಾನ್ ದಿಯಾವಾರಾ, ಜಿಮಿ ತ್ರಾವೊರೆ, ಅಮ್ದಿ ಫಾಯ್, ಆಂಡಿ ರೀಡ್, ಜಿಮ್ಮಿ ಫ್ಲಾಯ್ಡ್ ಹಸಲ್‌ಬೈಂಕ್ ಮುಂತಾದ ಅನೇಕ ಆಟಗಾರರು ಒಂದೇ ಬೇಸಿಗೆಯಲ್ಲಿ ಬಂದು ಸೇರಿದರು. ಮಾರಿ ಕಟ್ಟುವ ಹಳೆಯ ನಿಧಾನದ ಪದ್ಧತಿ ಹೋಗಿ, ಕೊಂಡು ಕಟ್ಟುವ ಅವಸರ ಬಂದಿತು. ವೆಸ್ಟ್ ಹ್ಯಾಮ್ ಮೈದಾನದಲ್ಲಿ ನಡೆದ ಮೊದಲ ಪಂದ್ಯದಲ್ಲೇ ತ್ರಾವೊರೆ ಕೆಂಪು ಕಾರ್ಡ್ ಪಡೆದು ಹೊರನಡೆದರು. ತಂಡ 3–1ರಿಂದ ಸೋತಿತು. 12 ಲೀಗ್ ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದ ಡೋವಿಯವರನ್ನು ನವೆಂಬರ್‌ನಲ್ಲಿ ತೆಗೆದುಹಾಕಲಾಯಿತು. ಅವರ ಸಹಾಯಕರಾಗಿದ್ದ ಲೆಸ್ ರೀಡ್ ಸುಮಾರು ಆರು ವಾರ ಇದ್ದರು. ಅವರ ಕಾಲದಲ್ಲಿ ತಂಡ ನಾಲ್ಕನೆಯ ದರ್ಜೆಯ ವಿಕೂಂಬ್ ಎದುರು ಸ್ವಂತ ಮೈದಾನದಲ್ಲಿ ಲೀಗ್ ಕಪ್ ಪಂದ್ಯ ಸೋತಿತು.

ಇಲ್ಲಿ ಕಥೆಗೆ ವಿಚಿತ್ರ ತಿರುವು ಸಿಕ್ಕಿತು. ಡಿಸೆಂಬರ್ 2006ರಲ್ಲಿ ವೆಸ್ಟ್ ಹ್ಯಾಮ್ ತನ್ನ ವ್ಯವಸ್ಥಾಪಕ ಅಲನ್ ಪಾರ್ಡ್ಯೂ ಅವರನ್ನು ವಜಾಗೊಳಿಸಿ ಕರ್ಬಿಶ್ಲಿಯವರನ್ನು ನೇಮಿಸಿಕೊಂಡಿತು. ಎರಡು ವಾರಗಳೊಳಗೆ, ಕ್ರಿಸ್‌ಮಸ್ ಹಿಂದಿನ ದಿನ, ಚಾರ್ಲ್‌ಟನ್ ಅದೇ ಪಾರ್ಡ್ಯೂ ಅವರನ್ನು ಕರೆತಂದಿತು. ಹೀಗೆ ಇಬ್ಬರು ಅಲನ್‌ಗಳ ತಂಡಗಳು ಕೆಳದರ್ಜೆಗೆ ಬೀಳದಿರಲು ಪರಸ್ಪರ ಸೆಣಸಿದವು. ಫೆಬ್ರುವರಿಯಲ್ಲಿ ವ್ಯಾಲಿಯಲ್ಲಿ ಚಾರ್ಲ್‌ಟನ್ 4–0ರಿಂದ ಗೆದ್ದಾಗ ಕರ್ಬಿಶ್ಲಿಯವರ ಕಾಲ ಮುಗಿಯಿತೆಂದೇ ತೋರಿತ್ತು. ಆದರೆ ವೆಸ್ಟ್ ಹ್ಯಾಮ್ ಕೊನೆಯ ವಾರಗಳಲ್ಲಿ ಚೇತರಿಸಿಕೊಂಡು, ಅಂತಿಮ ದಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅದರ ಮೈದಾನದಲ್ಲೇ 1–0ರಿಂದ ಸೋಲಿಸಿ 41 ಅಂಕಗಳೊಂದಿಗೆ ಉಳಿದುಕೊಂಡಿತು. ಚಾರ್ಲ್‌ಟನ್ 34 ಅಂಕಗಳೊಂದಿಗೆ 19ನೆಯ ಸ್ಥಾನಕ್ಕಿಳಿದು ಹೊರಬಿದ್ದಿತು. ಹೊಸ ವ್ಯವಸ್ಥಾಪಕರು ಬಂದ ಮೊದಲ ಋತುವಿನಲ್ಲೇ ಅಂಕಗಳು 47ರಿಂದ 34ಕ್ಕೆ ಕುಸಿದಿದ್ದವು.

2008ರ ನವೆಂಬರ್‌ನಲ್ಲಿ ಪಾರ್ಡ್ಯೂ ಕ್ಲಬ್ ತೊರೆದರು. 2009ರಲ್ಲಿ ತಂಡ ಮೂರನೆಯ ದರ್ಜೆಗೆ ಕುಸಿಯಿತು. ಅಲ್ಲಿಂದೀಚೆಗೆ ಏರಿಳಿತಗಳು ಅನೇಕ: 2012ರಲ್ಲಿ ಬಡ್ತಿ, 2016ರಲ್ಲಿ ಹಿಂಬಡ್ತಿ, 2019ರಲ್ಲಿ ಬಡ್ತಿ, 2020ರಲ್ಲಿ ಹಿಂಬಡ್ತಿ, 2025ರಲ್ಲಿ ಮತ್ತೆ ಬಡ್ತಿ. 2014ರಲ್ಲಿ ಕ್ಲಬ್ಬನ್ನು ಕೊಂಡ ಬೆಲ್ಜಿಯಂನ ಉದ್ಯಮಿ ರೋಲಾಂಡ್ ದುಶಾತ್‌ಲೆ ಅವರ ವಿರುದ್ಧ ಅಭಿಮಾನಿಗಳು ವರ್ಷಗಟ್ಟಲೆ ಪ್ರತಿಭಟಿಸಿದರು. 2007ರ ನಂತರ ಚಾರ್ಲ್‌ಟನ್ ಪ್ರೀಮಿಯರ್ ಲೀಗ್‌ಗೆ ಮರಳಿಲ್ಲ.

ಮರುಮೌಲ್ಯಮಾಪನ

ಕಾಲ ಸರಿದಂತೆ ಅಭಿಮಾನಿಗಳ ನಡುವೆ ಎರಡು ವಿಷಯಗಳು ಬೇರೆ ಬೇರೆಯಾಗಿ ನಿಂತಿವೆ: ಕರ್ಬಿಶ್ಲಿಯವರ ಸಾಧನೆ ಮತ್ತು ಅವರ ನಿರ್ಗಮನದ ಹೊಣೆ.

ಸಾಧನೆಯ ಕುರಿತು ಇಂದು ವಿವಾದ ಕಡಿಮೆ. ಒಂದು ಕಾಲಕ್ಕೆ ಬೇಸರ ಹುಟ್ಟಿಸಿದ್ದ 11ನೆಯ, 13ನೆಯ ಸ್ಥಾನಗಳು ಮೂರನೆಯ ದರ್ಜೆಯಿಂದ ನೋಡಿದಾಗ ಬೇರೆಯಾಗಿ ಕಂಡವು. ಋತುವಿನ ಕೊನೆಯಲ್ಲಿ ತಂಡ ಸೊರಗುತ್ತಿದ್ದುದಕ್ಕೂ ಹೊಸ ವಿವರಣೆ ಬಂದಿದೆ: ಸೀಮಿತ ಹಣದಲ್ಲಿ ಕಟ್ಟಿದ ಚಿಕ್ಕ ತಂಡ ಮೊದಲ ತಿಂಗಳುಗಳಲ್ಲಿ ತನ್ನ ಶಕ್ತಿ ಮೀರಿ ಆಡುತ್ತಿತ್ತು, ಕೊನೆಯಲ್ಲಿ ಕಂಡದ್ದು ಅದರ ನಿಜವಾದ ಅಳತೆ. ಅವರ ಪ್ರಭಾವದ ಇನ್ನೊಂದು ಗುರುತು ಸಾಮಾನ್ಯವಾಗಿ ಗಮನಕ್ಕೆ ಬಾರದು. 2012ರಲ್ಲಿ 101 ಅಂಕ ಗಳಿಸಿ ತಂಡವನ್ನು ಮೇಲೆ ತಂದ ಕ್ರಿಸ್ ಪವೆಲ್, 2019ರಲ್ಲಿ ವೆಂಬ್ಲಿಯಲ್ಲಿ ಮತ್ತೊಮ್ಮೆ ಸಂಡರ್ಲೆಂಡ್ ಅನ್ನೇ ಸೋಲಿಸಿ ಬಡ್ತಿ ಗಳಿಸಿದ ಲೀ ಬೋಯರ್, ಇಬ್ಬರೂ ಚಾರ್ಲ್‌ಟನ್‌ನಲ್ಲಿ ಕರ್ಬಿಶ್ಲಿಯವರ ಕೈಕೆಳಗೆ ಆಡಿದವರು.

ನಿರ್ಗಮನದ ಹೊಣೆಯ ವಿಷಯದಲ್ಲಿ ಚಾರ್ಲ್‌ಟನ್ ಅಭಿಮಾನಿಗಳಿಗೂ ಹೊರಗಿನವರಿಗೂ ಅಭಿಪ್ರಾಯಭೇದ ಇಂದಿಗೂ ಇದೆ. ತಾವು ಅವರನ್ನು ಓಡಿಸಲಿಲ್ಲ, 15 ವರ್ಷ ಒಂದೇ ಕಡೆ ದುಡಿದ ವ್ಯಕ್ತಿ ದಣಿದಿದ್ದರು, ಬದಲಾವಣೆ ಎರಡೂ ಕಡೆಯವರಿಗೆ ಬೇಕಾಗಿತ್ತು ಎಂಬುದು ಬಹುಪಾಲು ಅಭಿಮಾನಿಗಳ ವಾದ. ತಂಡ ಬಿದ್ದದ್ದು ಕರ್ಬಿಶ್ಲಿ ಹೋದದ್ದರಿಂದಲ್ಲ. ಅವರ ನಂತರ ಒಂದೇ ಋತುವಿನಲ್ಲಿ ಮೂವರು ವ್ಯವಸ್ಥಾಪಕರನ್ನು ಬದಲಿಸಿ, ಹಣವನ್ನು ತಪ್ಪು ಆಟಗಾರರ ಮೇಲೆ ಸುರಿದದ್ದರಿಂದ ಎಂದು ಅವರು ಹೇಳುತ್ತಾರೆ. ಈ ವಾದಕ್ಕೆ ಮೇಲಿನ ಘಟನಾವಳಿಯ ಬೆಂಬಲವಿದೆ. ಆದರೆ ಅಷ್ಟೇ ಹೇಳಿ ಬಿಡುವುದೂ ಸರಿಯಲ್ಲ. ಸುರಕ್ಷಿತ ಸ್ಥಾನವನ್ನು ಸಹಜವೆಂದು ಭಾವಿಸಿದ ವಾತಾವರಣವೊಂದು 2004ರ ನಂತರ ಕ್ಲಬ್ಬಿನಲ್ಲಿ ಬೆಳೆದಿತ್ತು. ಅದರಲ್ಲಿ ಮಂಡಳಿ, ಅಭಿಮಾನಿಗಳು, ಪತ್ರಿಕೆಗಳು ಎಲ್ಲರೂ ಪಾಲುದಾರರು.

ಕರ್ಬಿಶ್ಲಿಯವರು 2007–08ರಲ್ಲಿ ವೆಸ್ಟ್ ಹ್ಯಾಮ್ ತಂಡವನ್ನು 10ನೆಯ ಸ್ಥಾನಕ್ಕೆ ತಂದರು. ತಮ್ಮ ಒಪ್ಪಿಗೆಯಿಲ್ಲದೆ ಆಟಗಾರರನ್ನು ಮಾರಲಾಯಿತೆಂದು 2008ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ನೀಡಿದರು; 2009ರಲ್ಲಿ ಈ ಸಂಬಂಧದ ಪ್ರಕರಣದಲ್ಲಿ ತೀರ್ಪು ಅವರ ಪರವಾಗಿ ಬಂದಿತು. ಆಮೇಲೆ ಯಾವ ಕ್ಲಬ್ಬಿನಲ್ಲೂ ಅವರು ಪೂರ್ಣ ಪ್ರಮಾಣದ ವ್ಯವಸ್ಥಾಪಕರಾಗಲಿಲ್ಲ. ವ್ಯಾಲಿ ಮೈದಾನದ ಪೂರ್ವ ಬದಿಯ ಪ್ರೇಕ್ಷಕರ ಗ್ಯಾಲರಿಗೆ ಈಗ ಅವರ ಹೆಸರಿಡಲಾಗಿದೆ.